ಒಂಬತ್ತನೇ ಫೋಟೋ

ಹೋಟೆಲಿನ ವಿಳಾಸಕ್ಕೆ ಬಂದ ಲಕೋಟೆ.
ಒಳಗೆ ಹನ್ನೊಂದು ಫೋಟೋ, ಎಲ್ಲಕ್ಕೂ ಈಗ ಹಳೆ ಇಟ್ಟಿಗೆಯ ಬಣ್ಣ.
ಎರಡು ಒಂದಕ್ಕೊಂದು ಅಂಟಿ
ಬಿಡಿಸಹೋದರೆ ಯಾರದೋ ಕಿವಿ
ಇನ್ಯಾರದೋ ಅಂಗಿಗೆ ಬರುತ್ತದೆ.

ಹಿಂದೆ ಪೆನ್ಸಿಲಿನಲ್ಲಿ: ಮಾಟುಂಗಾ, ಡಿಸೆಂಬರ್ ಎಂಬತ್ತನಾಲ್ಕು,
ಕಾಮಿಕ್ಸ್ ಪ್ರೇಮಿಗಳ ಮೊದಲ ಸಮ್ಮೇಳನ.
ಎಷ್ಟು ಜನ? ನಾನೇ ಎಣಿಸಿದ್ದೆ, ಗ್ಲಾಸಿನ ಲೆಕ್ಕದಲ್ಲಿ.
ಇಪ್ಪತ್ತಾರು ಕಟಿಂಗ್,
ಅದರಲ್ಲಿ ಒಂದು ಸಕ್ಕರೆ ಇಲ್ಲದ್ದು.

ಶಾಲೆಯ ಮೂರನೇ ಮಾಳಿಗೆ, ಹೊಲಿಗೆ ಕಲಿಸುವ ಕೋಣೆ.
ಮೆಷಿನುಗಳನ್ನು ಗೋಡೆಗೆ ಒತ್ತಿ
ಮೇಜಿನ ತುಂಬ ಪುಸ್ತಕ ಹರಡಿದ್ದರು
ಮೀನು ಮಾರ್ಕೆಟ್ಟಿನ ಹಾಗೆ; ಮುಟ್ಟಿದರೆ ಮಾತ್ರ ಬೈಗುಳ.
ಇವನು ಕೆಕಿ ಬಲ್ಸಾರಾ,
ಪ್ರತಿ ಸಂಚಿಕೆಗೂ ಪ್ಲಾಸ್ಟಿಕ್ಕಿನ ಅಂಗಿ ಹೊಲಿಸಿದವ.
ಇವ ಅನ್ಸೆಲ್ಮ್. ಗೋಣಿಗೆ ತಾಮ್ರದ ಬಣ್ಣ ಬಳಿದು
ಮುಖವಾಡ ಹಾಕಿ ಬಂದಿದ್ದ, ಬಣ್ಣ ಒಣಗಿರಲಿಲ್ಲ,
ಸಂಜೆವರೆಗೂ ಮೂಗು ತಾಮ್ರದ್ದೇ.
ಟೈ ಕಟ್ಟಿದ ಹಿರಿಯರು ಲೋಖಂಡ್‌ವಾಲಾ ಮಾಸ್ತರು,
ಮದುವೆಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಂದವರು.

ನಾನು ಕೆಳಗಿನ ಹೋಟೆಲಿನ ಹುಡುಗ. ಹದಿಮೂರು.
ಹಗಲು ಟೇಬಲ್ ಒರೆಸುವುದು, ರಾತ್ರಿಶಾಲೆಯಲ್ಲಿ ನಿದ್ದೆ.
ನನ್ನಲ್ಲೂ ಒಂದು ಸಂಗ್ರಹ ಇತ್ತು, ಹೇಳಿಕೊಳ್ಳುವಂಥದ್ದಲ್ಲ.
ರದ್ದಿಯವ ತೂಕಕ್ಕೆ ತಂದುಹಾಕಿದ ಕಾಮಿಕ್ಸು
ನಮ್ಮಲ್ಲಿ ಹಾಳೆ ಹಾಳೆಯಾಗಿ ವಡೆಗೆ ಸುತ್ತಿಹೋಗುತ್ತಿತ್ತು.
ಎಣ್ಣೆ ಕುಡಿದ ಕಾಗದದಲ್ಲಿ
ಎರಡೂ ಬದಿ ಒಟ್ಟಿಗೇ ಕಾಣುತ್ತದೆ:
ಕಳ್ಳ ಓಡುವ ಛಾವಣಿಯ ಮೇಲೇ
ರಾಣಿ ಸ್ನಾನಕ್ಕೆ ಇಳಿಯುತ್ತಾಳೆ.
ಗಲ್ಲಾದ ಆಳ್ವರು ಆಚೆ ನೋಡಿದಾಗ
ಒಂದೊಂದೇ ಎಳೆದು ಹಾಸಿಗೆಯ ಅಡಿಗೆ.
ಏಳನೇ ಪುಟ ಇತ್ತು, ಹನ್ನೆರಡು ಇತ್ತು.
ನಡುವಿನದು ಪಾರ್ಸೆಲ್ ಆಗಿ ದಾದರ್ ತಲುಪಿರಬೇಕು.
ನಡುವಿನದನ್ನು ನಾನೇ ಕಟ್ಟಿಕೊಳ್ಳುತ್ತಿದ್ದೆ
ಟೇಬಲ್ ಒರೆಸುತ್ತ.

ಅವತ್ತು ಎರಡನೇ ಸಲ ಚಾ ಹಿಡಿದು ಹತ್ತಿದಾಗ
ಮೇಲೆ ಜಗಳ. ‘ತಾಮ್ರಮುಖ’, ಹದಿನೇಳನೇ ಸಂಚಿಕೆ.
ಇಡೀ ಮುಂಬಯಿಗೆ ಉಳಿದದ್ದು ಇದೊಂದೇ ಅನ್ನುತ್ತಾನೆ ಕೆಕಿ,
ಅದಕ್ಕೂ ಕೊನೆಯ ಹಾಳೆ ಇಲ್ಲ.
ದೀಪಸ್ತಂಭದ ತುದಿಗೆ ಒಂದೇ ಕೈಯಲ್ಲಿ ನೇತಾಡುತ್ತಿದ್ದಾನೆ.
ಮುಂದೆ?
ಬಿದ್ದ ಅಂತ ಒಬ್ಬ. ಹಗ್ಗ ಬಂತು ಅಂತ ವೃಂದಾ ಕರ್ಣಿಕ್.

ಆ ಪುಟ ನನ್ನ ಹತ್ರ ಇದೆ, ಅಂದೆ.

ಇರಲಿಲ್ಲ.
ಅರ್ಧ ತುಳು ಬೆರೆತ ಹಿಂದಿಯಲ್ಲಿ ಶುರುಮಾಡಿದೆ:
ಕಾವಲುಗಾರನ ಮಗಳು ದೀಪ ಆರಿಸುತ್ತಾಳೆ.
ಕತ್ತಲಲ್ಲಿ ಎತ್ತರ ಕಾಣುವುದಿಲ್ಲವಲ್ಲ,
ಅವನು ಕೈ ಬಿಡುತ್ತಾನೆ.
ಅಷ್ಟರಲ್ಲಿ ಉಬ್ಬರದ ಸಮುದ್ರ
ಅವನ ಕಾಲಿನವರೆಗೂ ಬಂದು ನಿಂತಿರುತ್ತದೆ.

ಯಾರೋ ಫ್ಲ್ಯಾಷ್ ಹೊಡೆದರು.
ಇದೇ, ಒಂಬತ್ತನೆಯದು:
ಎಲ್ಲರೂ ಎಡಕ್ಕೆ ತಿರುಗಿದ್ದಾರೆ, ಬಾಯಿ ತೆರೆದು,
ತಾಮ್ರದ ಮೂಗು ಕೂಡ.
ಎಡದ ಅಂಚಿನಲ್ಲಿ ಅಲ್ಯುಮಿನಿಯಂ ಕೆಟಲಿನ ಮೂತಿ,
ಸ್ವಲ್ಪ ಆವಿ.

ತಂದು ತೋರಿಸು ಅಂದರು. ನಾಳೆ ಅಂದೆ.
ಕೆಳಗಿಳಿದು ಎಣಿಸಿದರೆ ಗ್ಲಾಸು ಇಪ್ಪತ್ತೈದು.
ಒಡೆದದ್ದಕ್ಕೆ ಸಂಬಳದಲ್ಲಿ ಮುರಿದರು.

ಎಷ್ಟೋ ವರ್ಷದ ಮೇಲೆ ಫೋರ್ಟಿನ ಫುಟ್‌ಪಾತಿನಲ್ಲಿ
ಹದಿನೇಳು ಸಿಕ್ಕಿತು, ಇಡಿಯಾಗಿ.
ಕೊನೆಯ ಹಾಳೆ ತಿರುವಿದೆ:
ಹಲ್ಲುಪುಡಿಯ ಜಾಹೀರಾತು,
ಅಡಿಯಲ್ಲಿ ‘ಮುಂದಿನ ಸಂಚಿಕೆಯಲ್ಲಿ’.
ಹದಿನೆಂಟು ಬರಲೇ ಇಲ್ಲ, ಅಂದ ಮಾರುವವ,
ಕಂಪನಿ ಮುಳುಗಿತು. ತಗೋತೀರಾ, ಇಡ್ತೀರಾ?

ಒಂಬತ್ತರ ಬೆನ್ನಿಗೆ ವೃಂದಾ ಬರೆದಿದ್ದಾಳೆ, ಅಕ್ಷರ ನಡುಗುತ್ತವೆ:
ಆಗ ನಿಮ್ಮಲ್ಲಿದ್ದ ಚಾ ಹುಡುಗನ ಹೆಸರು
ಯಾರಿಗಾದರೂ ನೆನಪಿದ್ದರೆ ದಯವಿಟ್ಟು ತಿಳಿಸಿ.
ಅವನ ಹತ್ತಿರ ಒಂದು ಪುಟ ಇದೆ.

ಗಲ್ಲಾದಲ್ಲಿ ಈಗ ನಾನು. ಮಧ್ಯಾಹ್ನದ ರಶ್ಶು ಇಳಿದಿದೆ.
ಬಿಲ್ಲಿನ ಹಿಂಬದಿಯಲ್ಲಿ ಉತ್ತರ ಶುರುಮಾಡಿ
ಹೆಸರಿಗೆ ಮೊದಲು
ಒಂದು ದೀಪಸ್ತಂಭ ಬಿಡಿಸಿದ್ದೇನೆ.
ಕೊಂಚ ವಾಲಿದೆ.